ಅಡಿವೆಪ್ಪನ ಟೊಂಕ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠವಿತ್ತು. ಮಠದ ಗುರುಗಳ ಹೆಸರು ಗುರುಪಾದಜ್ಜ. ವಯಸ್ಸು ಎಪ್ಪತ್ತೆಂಟು. ಮೈಯಲ್ಲಿ ಮಾಂಸ ಕಡಿಮೆ, ಬಾಯಲ್ಲಿ ಮಾತು ಅದಕ್ಕಿಂತ ಕಡಿಮೆ. ಸುತ್ತಲಿನ ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರಿಗೆ ಅಡಿವೆಪ್ಪ ಎಂಬ ಶಿಷ್ಯ. ವಚನ ಹೇಳಲು ನಿಂತರೆ ಅರ್ಧಕ್ಕೆ ಮರೆಯುತ್ತಿದ್ದ. ಧ್ಯಾನಕ್ಕೆ ಕೂತರೆ ಗೊರಕೆ ಹೊಡೆಯುತ್ತಿದ್ದ. ದೇವರು ಅವನಿಗೆ ಕೊಟ್ಟದ್ದು ಒಂದು ಅಗಲವಾದ ಬೆನ್ನು. ಅದನ್ನು ಅವನು ಪೂರ್ತಿಯಾಗಿ ಗುರುಗಳಿಗೆ ಕೊಟ್ಟುಬಿಟ್ಟಿದ್ದ.

ದಿನಾ ಬೆಳಿಗ್ಗೆ ಅಜ್ಜಾರನ್ನು ಬೆನ್ನ ಮೇಲೆ ಹೊತ್ತು ಹೊಳೆಗೆ ಸ್ನಾನಕ್ಕೆ ಒಯ್ಯುವುದು, ಸ್ನಾನವಾದ ಮೇಲೆ ಹೊತ್ತು ತರುವುದು. ಹನ್ನೆರಡು ವರ್ಷದಲ್ಲಿ ಈ ಸೇವೆ ಒಂದು ದಿನವೂ ತಪ್ಪಿರಲಿಲ್ಲ.

ಇದು ಶುರುವಾದದ್ದು ಹೀಗೆ. ಹಿಂದೊಮ್ಮೆ ಹೊಳೆಯ ಮೆಟ್ಟಿಲ ಮೇಲೆ ಅಜ್ಜಾರ ಕಾಲು ಉಳುಕಿತು. ಅಡಿವೆಪ್ಪ ಅವರನ್ನು ಬೆನ್ನಿಗೆ ಹಾಕಿಕೊಂಡು ಮಠಕ್ಕೆ ತಂದ. ಮರುದಿನವೂ ಹೊತ್ತ, ಅದರ ಮರುದಿನವೂ ಹೊತ್ತ. ಆಮೇಲೆ, ಗುರುಗಳ ಪಾದ ಮಠದ ಹೊರಗೆ ನೆಲಕ್ಕೆ ತಾಗಬಾರದು ಎಂದು ತಾನೇ ಒಂದು ನೇಮ ಹಾಕಿಕೊಂಡ. ಅದು ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಹಾಗಾಗಿ ಅದು ತಪ್ಪೆಂದು ತೋರಿಸಲು ಯಾರಿಗೂ ಆಗಲಿಲ್ಲ.

ಅಜ್ಜಾರ ಕಟ್ಟಿಗೆಯ ಪಾದುಕೆಗಳು ಗೋಡೆಯ ಗೂಟಕ್ಕೆ ಏರಿದವು. ಅಡಿವೆಪ್ಪ ವಾರಕ್ಕೊಮ್ಮೆ ಅವಕ್ಕೆ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಹನ್ನೆರಡು ವರ್ಷವಾದರೂ ಅವು ಹೊಸದರ ಹಾಗೆ ಹೊಳೆಯುತ್ತಿದ್ದವು.

ವರ್ಷಕ್ಕೊಂದು ದೊಡ್ಡ ದಿನವಿತ್ತು, ಮಾಘದ ಭಾರತ ಹುಣ್ಣಿಮೆ. ಆ ಮುಂಜಾನೆ ಅಜ್ಜಾರು ಹೊಳೆ ದಾಟಿ, ಆಚೆ ದಂಡೆಯಲ್ಲಿರುವ ತಮ್ಮ ಗುರುಗಳ ಸಮಾಧಿಯ ಗದ್ದುಗೆಗೆ ಹೂವು ಏರಿಸಬೇಕು. ಆಗ ಹೊಳೆಯಲ್ಲಿ ನೀರು ಮೊಣಕಾಲುದ್ದ. ಅಡಿವೆಪ್ಪ ಅಜ್ಜಾರನ್ನು ಹೊತ್ತು ನೀರಿಗಿಳಿದರೆ ಎರಡೂ ದಂಡೆಯ ಜನ ಕೈಮುಗಿಯುತ್ತಿದ್ದರು.

ಅವರು ಕೈಮುಗಿಯುತ್ತಿದ್ದದ್ದು ಅಜ್ಜಾರಿಗೆ. ಅದರಲ್ಲಿ ಒಂದು ಪಾಲು ಕೆಳಗಿದ್ದವನಿಗೂ ಸೇರುತ್ತದೆ ಎಂದು ಅಡಿವೆಪ್ಪ ನಂಬಿದ್ದ. ಆ ಒಂದು ದಿನದ ಸಂತೋಷ ಅವನಿಗೆ ಒಂದು ವರ್ಷಕ್ಕೆ ಸಾಲುತ್ತಿತ್ತು.

ಆ ಸಲ ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಎಂದಿನಂತೆ ಅಡಿವೆಪ್ಪ ಬಾಗಿದ. ಅಜ್ಜಾರು ಕೂತರು. ಅಡಿವೆಪ್ಪ ಎದ್ದ. ಟೊಂಕದಲ್ಲಿ ಏನೋ ಚಳಕ್ ಎಂದಿತು.

ಅವನು ಅರ್ಧ ಎದ್ದವನು ಅಲ್ಲೇ ನಿಂತ. ಪೂರ್ತಿ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

"ಯಾಕ ತಮ್ಮಾ, ನಿಂತಿ?" ಬೆನ್ನ ಮೇಲಿಂದ ಅಜ್ಜಾರು ಕೇಳಿದರು.

"ಏನಿಲ್ರಿ ಅಜ್ಜಾರ. ಹೊಳಿ ನೋಡಾಕತ್ತೀನ್ರಿ."

"ಹೊಳಿ ಆ ಕಡೆ ಐತಿ."

ಅಡುಗೆ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಶಿಷ್ಯ ಬಸಲಿಂಗ ಓಡಿ ಬಂದ. ಅಡಿವೆಪ್ಪನನ್ನು ಹಿಡಿದುಕೊಂಡು ಹೋಗಿ ಒಳಗೆ ಮಲಗಿಸಿದ. ಆ ಗಡಿಬಿಡಿಯಲ್ಲಿ ಅಜ್ಜಾರು ಬೆನ್ನಿಂದ ಹೇಗೆ ಇಳಿದರು, ಒಳಗೆ ಹೇಗೆ ಬಂದರು ಎಂದು ಯಾರೂ ಯೋಚಿಸಲಿಲ್ಲ.

ಔಷಧಿಗೇನೂ ಬರ ಇರಲಿಲ್ಲ. ಬಂದವರೆಲ್ಲ ಒಂದೊಂದು ಹೇಳಿದರು, ಅಡಿವೆಪ್ಪ ಎಲ್ಲವನ್ನೂ ಮಾಡಿದ. ಒಬ್ಬರು ಹೇಳಿದ ಎಣ್ಣೆ ಒಣಗುವ ಮುಂಚೆ ಇನ್ನೊಬ್ಬರು ಹೇಳಿದ ಲೇಪ ಬೀಳುತ್ತಿತ್ತು. ಅದರ ಮೇಲೆ ಒಂದು ಅಗಲವಾದ ಪಟ್ಟಿ ಬಿಗಿದುಕೊಂಡು ಉಸಿರಾಡಲು ಕಷ್ಟಪಡುತ್ತಿದ್ದ.

ಕಾಲು ಮುಂದಾಗಿ ಹುಟ್ಟಿದವರು ಟೊಂಕಕ್ಕೆ ಒದ್ದರೆ ಚಳಕು ಬಿಡುತ್ತದೆ ಎಂದು ಆ ಕಡೆ ಒಂದು ನಂಬಿಕೆ. ಊರಲ್ಲಿ ಹಾಗೆ ಹುಟ್ಟಿದವಳು ಮುದುಕಿ ನೀಲವ್ವ ಒಬ್ಬಳೇ. ಮಠದ ಶಿಷ್ಯನಿಗೆ ಒದೆಯಲು ಅವಳಿಗೆ ಹೆದರಿಕೆ. ಮೂರು ಸಲ ಕೈಮುಗಿದು ಮೆಲ್ಲಗೆ ಕಾಲು ತಾಗಿಸಿದಳು. ಇಷ್ಟು ಸಾಲದು, ಜೋರಾಗಿ ಒದಿ ಎಂದು ಅಡಿವೆಪ್ಪ ಹಟ ಹಿಡಿದ. ಅವಳು ಒದ್ದಳು.

ಅಂದಿನಿಂದ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಅಲುಗಾಡದೆ ಬಿದ್ದಿದ್ದರೆ ಟೊಂಕ ತಾನಾಗಿ ಸರಿಹೋಗುತ್ತದೆ ಎಂದು ಮೂರು ವಾರ ಮಲಗಿದ. ಸರಿಹೋಗಲಿಲ್ಲ. ಮೊದಲು ನೋವಿದ್ದದ್ದು ಟೊಂಕದಲ್ಲಿ ಮಾತ್ರ, ಈಗ ಮಲಗಿ ಮಲಗಿ ಹೆಗಲು, ಕುತ್ತಿಗೆ ಎಲ್ಲ ಬಿಗಿದುಕೊಂಡಿತು.

ಅಜ್ಜಾರ ಸ್ನಾನ ಈಗ ಮಠದೊಳಗೇ, ಬಸಲಿಂಗ ತಂದ ನೀರಿನಲ್ಲಿ ಆಗುತ್ತಿತ್ತು. ಮಲಗಿದ್ದವನಿಗೆ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬಸಲಿಂಗ ಜೋಳದ ಚೀಲ ಹೊತ್ತು ಹೋಗುವುದೂ ಕಾಣುತ್ತಿತ್ತು. ಅಡಿವೆಪ್ಪ ಅದನ್ನು ನೋಡಿ ಗೋಡೆಯ ಕಡೆ ಹೊರಳುತ್ತಿದ್ದ. ಹೊರಳಿದರೆ ನೋಯುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಾರು ಬಂದು ಅವನ ಹಾಸಿಗೆಯ ಪಕ್ಕ ಕೂತರು.

"ಅಜ್ಜಾರ, ಹುಣ್ಣಿಮಿಗೆ ನಿಮ್ಮನ್ನ ಯಾರು ಹೊರತಾರ್ರಿ?"

"ಹುಣ್ಣಿಮಿ ಇನ್ನೂ ದೂರ ಐತಿ."

"ಬಸಲಿಂಗ ಆಗಲೇ ಚೀಲ ಹೊತ್ತು ತಾಲೀಮು ಮಾಡಾಕತ್ತಾನ್ರಿ."

"ಅಂವ ಗಿರಣಿಗೆ ಹೊಂಟಾನ. ಹಿಟ್ಟು ಮುಗದೈತಿ."

ಅಡಿವೆಪ್ಪ ಅದನ್ನು ನಂಬಲಿಲ್ಲ. ಅವನ ಕಣ್ಣು ತುಂಬಿ ಬಂದವು.

"ಹೊರಾಕ ಆಗಲಿಲ್ಲಂದ್ರ ನಾ ಯಾತರ ಶಿಷ್ಯ ಅಜ್ಜಾರ? ನನಗ ಮತ್ತೇನೂ ಬರಂಗಿಲ್ಲ."

ಅಜ್ಜಾರು ಅವನ ಟೊಂಕದ ಪಟ್ಟಿಯನ್ನು ಒಂದು ಸುತ್ತು ಸಡಿಲ ಮಾಡಿದರು. ನಾಳೆ ತಾಲೂಕಿನ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸು ಎಂದರು.

ಡಾಕ್ಟರು ಒಬ್ಬ ನಡುವಯಸ್ಸಿನ ಹೆಂಗಸು. ಅಡಿವೆಪ್ಪನನ್ನು ಬಾಗಿಸಿ ನೋಡಿದರು, ಮಲಗಿಸಿ ಕಾಲೆತ್ತಿಸಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಜೋಮು ಹಿಡಿಯುತ್ತದೆಯೇ, ಮೂತ್ರಕ್ಕೆ ತೊಂದರೆಯಿದೆಯೇ, ಜ್ವರ ಬರುತ್ತದೆಯೇ ಎಂದೆಲ್ಲ ಕೇಳಿದರು. ಅವನು ಎಲ್ಲಕ್ಕೂ ಇಲ್ಲ ಎಂದ.

ಆಮೇಲೆ ತನ್ನ ಬೇಡಿಕೆ ಮುಂದಿಟ್ಟ. ದಯವಿಟ್ಟು ಆಪರೇಷನ್ ಮಾಡಿ, ಒಂದೇ ದಿನದಲ್ಲಿ ಮುಗಿದುಹೋಗಲಿ, ನನಗೆ ಹುಣ್ಣಿಮೆಯೊಳಗೆ ಒಂದು ಕೆಲಸವಿದೆ ಎಂದು ಕೈಮುಗಿದ.

ಡಾಕ್ಟರು ನಕ್ಕರು. ಕೊಯ್ದು ತೆಗೆಯುವಂಥದ್ದು ಇದರೊಳಗೆ ಏನೂ ಇಲ್ಲ ಎಂದರು. ಇಂಥ ಟೊಂಕನೋವು ಬಹಳ ಮಂದಿಗೆ ಚಾಕು ಇಲ್ಲದೆಯೇ ಹೋಗುತ್ತದೆ, ಆದರೆ ನಿಧಾನವಾಗಿ ಹೋಗುತ್ತದೆ. ಮೊದಲು ಹಾಸಿಗೆ ಬಿಡು, ದಿನಾ ನಡೆ, ಇಂದು ಹತ್ತು ನಿಮಿಷವಾದರೆ ವಾರ ಬಿಟ್ಟು ಹದಿನೈದು. ಬಿಸಿ ಕೊಟ್ಟುಕೋ. ಕಾಲಿನ ಶಕ್ತಿ ಹೋದರೆ, ತೊಡೆಯ ಸಂದಿಯಲ್ಲಿ ಜೋಮು ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಅದೇ ದಿನ ಓಡಿ ಬಾ ಎಂದರು.

ಕೊನೆಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಒಬ್ಬ ಮನುಷ್ಯನ ಚಿತ್ರಗಳು. ಅವನು ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದ, ಇನ್ನೊಂದರಲ್ಲಿ ಸೊಂಟ ಮೇಲೆತ್ತುತ್ತಿದ್ದ, ಮತ್ತೊಂದರಲ್ಲಿ ಅಂಬೆಗಾಲಿಟ್ಟು ಒಂದು ಕೈ ಚಾಚುತ್ತಿದ್ದ. ಇದನ್ನು ದಿನಾ ಎರಡು ಹೊತ್ತು ತಪ್ಪಿಸಬೇಡ ಎಂದು ಹೇಳಿ ಕಳಿಸಿದರು.

ಒಂದು ವಾರ ಕಳೆದ ಮೇಲೆ ಅಜ್ಜಾರು ಕೇಳಿದರು. "ಆ ಹಾಳಿ ಏನಾತು?"

"ದಿನಾ ಎರಡು ಹೊತ್ತು ತಪ್ಪಿಸಿಲ್ರಿ ಅಜ್ಜಾರ."

"ತೋರಸು."

ಅಡಿವೆಪ್ಪ ಗೋಡೆ ಹಿಡಿದುಕೊಂಡು ದೇವರ ಜಗಲಿಗೆ ಹೋದ. ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ತಂದ. ಅದರ ತುಂಬ ವಿಭೂತಿ, ನಡುವೆ ಒಂದು ಕಣಗಿಲೆ ಹೂವು. ಚಿತ್ರದ ಮನುಷ್ಯ ವಿಭೂತಿಯಲ್ಲಿ ಕುತ್ತಿಗೆವರೆಗೆ ಮುಳುಗಿದ್ದ. ಬೆಳಿಗ್ಗೆ ಒಂದು ಆರತಿ, ಸಂಜೆ ಒಂದು ಆರತಿ, ಅಡಿವೆಪ್ಪ ಒಂದು ಹೊತ್ತೂ ಬಿಟ್ಟಿರಲಿಲ್ಲ.

ಅಜ್ಜಾರು ಹಾಳೆಗೆ ತಾವೂ ಕೈಮುಗಿದರು. ಮತ್ತೆ ಜಗಲಿಯಲ್ಲೇ ಇಡು ಎಂದರು. ಅಡುಗೆಮನೆಗೆ ಹೋಗಿ ಬಸಲಿಂಗನಿಗೆ ಏನೋ ಹೇಳಿ ಬಂದರು.

ಮಧ್ಯಾಹ್ನ ಊಟದ ಹೊತ್ತು. ಬಸಲಿಂಗ ಅಡಿವೆಪ್ಪನ ಪಾಲಿನ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲವನ್ನೂ ಜಗಲಿಯ ಮೇಲಿಟ್ಟ. ಊದುಬತ್ತಿ ಹಚ್ಚಿದ, ಆರತಿ ಎತ್ತಿದ, ಎಲ್ಲವನ್ನೂ ಎತ್ತಿಕೊಂಡು ಒಳಗೆ ಹೋದ. ಖಾಲಿ ತಟ್ಟೆಯ ಮುಂದೆ ಕೂತ ಅಡಿವೆಪ್ಪ ಬಾಗಿಲ ಕಡೆ ನೋಡಿದ, ಅಜ್ಜಾರ ಕಡೆ ನೋಡಿದ.

"ನನ್ನ ರೊಟ್ಟಿರೀ?"

"ಪೂಜಿ ಆತಲ್ಲ," ಎಂದರು ಅಜ್ಜಾರು. "ಹೊಟ್ಟಿ ತುಂಬಲಿಲ್ಲೇನು?"

ಅಡಿವೆಪ್ಪ ಖಾಲಿ ತಟ್ಟೆ ಸರಿಸಿ ಎದ್ದು ಜಗಲಿಯಿಂದ ಹಾಳೆ ತಂದ, ಪಂಚೆಯ ಚುಂಗಿನಿಂದ ಒರೆಸಿದ, ಅಲ್ಲೇ ಚಾಪೆಯ ಮೇಲೆ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಂಡ. ಹತ್ತು ಸಲ ಎಳೆದ ಮೇಲೆ ಒಳಗಿನಿಂದ ರೊಟ್ಟಿ ಬಂತು. ಅಷ್ಟೊತ್ತಿಗೆ ಅದು ಆರಿತ್ತು, ಆದರೂ ಅವನು ನಾಲ್ಕು ತಿಂದ.

ಮರುದಿನ ಬೆಳಿಗ್ಗೆ ನಡೆಯಲು ಹೊರಟ. ಒಂದೊಂದೇ ಹೆಜ್ಜೆ ಇಡುತ್ತ ಅಂಗಳಕ್ಕೆ ಬಂದವನಿಗೆ ಹಿಂದೆ ಟಕ್, ಟಕ್ ಎಂದು ಸದ್ದು ಕೇಳಿತು. ತಿರುಗಿ ನೋಡಿದರೆ ಅಜ್ಜಾರು. ಕಾಲಲ್ಲಿ ಪಾದುಕೆ. ಗೋಡೆಯ ಗೂಟ ಖಾಲಿ.

ಅಡಿವೆಪ್ಪನಿಗೆ ಟೊಂಕಕ್ಕಿಂತ ಹೆಚ್ಚಾಗಿ ಎದೆ ನೋಯಿತು.

"ಅಜ್ಜಾರ, ಪಾದ ನೆಲಕ್ಕ ತಾಗಬಾರದ್ರಿ."

"ನೆಲ ಏನೂ ಅನ್ನಲಿಲ್ಲ."

"ಕಾಲು ಉಳಕೈತಲ್ರಿ."

"ಅದು ಹದಿನೈದು ದಿನದಾಗ ಆರಾಮಾಗಿತ್ತು."

ಅಡಿವೆಪ್ಪ ಮನಸ್ಸಿನಲ್ಲೇ ಹನ್ನೆರಡು ವರ್ಷದಿಂದ ಹದಿನೈದು ದಿನ ಕಳೆದ. ಉಳಿದದ್ದು ಬಹಳವಾಯಿತು.

"ಹಂಗಾದ್ರ ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ಬೇವಿನ ಗಿಡ ಇನ್ನೂ ದೂರ ಐತಿ," ಎಂದರು ಅಜ್ಜಾರು. "ನಡಿ."

ಬೇವಿನ ಗಿಡ ಮಠದ ಬಾಗಿಲಿನಿಂದ ನಲವತ್ತು ಹೆಜ್ಜೆ. ಹನ್ನೆರಡು ವರ್ಷ ಸುಮ್ಮನೆ ಕೂತ ಕಾಲು, ಅಜ್ಜಾರಿಗೆ ಅಷ್ಟಕ್ಕೇ ತೊಡೆ ನಡುಗಿತು. ಅಡಿವೆಪ್ಪನಿಗೆ ಹೆಜ್ಜೆಹೆಜ್ಜೆಗೂ ಟೊಂಕ ಹಿಡಿಯಿತು. ಇಬ್ಬರೂ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟರು. ಅಷ್ಟರಲ್ಲಿ ಒಂದು ಕೋಳಿ ಮಠದ ಬಾಗಿಲಿನಿಂದ ಹೊರಟು ಅವರನ್ನು ದಾಟಿಕೊಂಡು ಹೊಳೆಯವರೆಗೆ ಹೋಗಿ ಬಂತು.

ಹಾಗೆ ಶುರುವಾಯಿತು. ಒಂದು ವಾರ ಬೇವಿನ ಗಿಡ, ಮುಂದಿನ ವಾರ ಮೇವಿನ ಬಣವೆ, ಆಮೇಲೆ ಬಾವಿ. ಎರಡು ಹೊತ್ತು ಹಾಳೆಯ ಕಸರತ್ತು. ಅಡಿವೆಪ್ಪನ ಪಕ್ಕದಲ್ಲಿ ಅಜ್ಜಾರೂ ಒಂದು ಚಾಪೆ ಹಾಸಿ ಕಾಲೆತ್ತುತ್ತಿದ್ದರು. ಬಸಲಿಂಗ ಒಳಗೆ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಒಂದು, ಎರಡು ಎಂದು ಎಣಿಸುತ್ತಿದ್ದ. ರೊಟ್ಟಿಗೂ ಕಾಲಿಗೂ ಲೆಕ್ಕ ಕಲೆಸಿ ಕೆಲವು ಸಲ ಹತ್ತರ ಬದಲು ಹದಿನಾರು ಆಗುತ್ತಿತ್ತು. ಸಂಜೆ ಅವನೇ ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ ಟೊಂಕಕ್ಕೆ ಬಿಸಿ ಕೊಡುತ್ತಿದ್ದ. ಅವನ ಕೈ ಮೆತ್ತಗಿತ್ತು. ಚೀಲ ಹೊತ್ತವನ ಮೇಲೆ ಇಟ್ಟ ಸಿಟ್ಟನ್ನು ಅಡಿವೆಪ್ಪ ಆ ಹೊತ್ತಿನಲ್ಲಿ ಮರೆಯುತ್ತಿದ್ದ.

ತಿಂಗಳಾಗುವಷ್ಟರಲ್ಲಿ ನೋವು ಅರ್ಧಕ್ಕೆ ಇಳಿಯಿತು. ಅಪಾಯ ಇದ್ದದ್ದು ಅಲ್ಲೇ.

ಅರ್ಧ ಹೋಯಿತು ಎಂದರೆ ಪೂರ್ತಿ ಹೋದ ಹಾಗೆ ಎಂದು ಅಡಿವೆಪ್ಪ ತಿಳಿದ. ಹುಣ್ಣಿಮೆಗೆ ಇನ್ನು ಆರು ವಾರ. ಒಂದು ದಿನ ಬಸಲಿಂಗ ಸಂತೆಗೆ ಹೋದದ್ದು ನೋಡಿ ಉಗ್ರಾಣಕ್ಕೆ ಹೋದ. ಅಜ್ಜಾರಿಗಿಂತ ಸ್ವಲ್ಪ ದಪ್ಪಗಿದ್ದ ಒಂದು ಜೋಳದ ಚೀಲ ಆರಿಸಿದ. ಬಗ್ಗಿ ತಬ್ಬಿ ಎತ್ತಿದ. ಟೊಂಕ ಮತ್ತೆ ಚಳಕ್ ಎಂದಿತು.

ಅಜ್ಜಾರು ಬಂದಾಗ ಅವನು ಚೀಲದ ಪಕ್ಕ ನೆಲದ ಮೇಲೆ ಬಿದ್ದಿದ್ದ. ಮುಖ ಬಾಡಿತ್ತು.

"ನನ್ನ ಕೊಯ್ಸಿಬಿಡ್ರಿ ಅಜ್ಜಾರ. ನಡದದ್ದು ಸಾಕು, ಕಾಲೆತ್ತಿದ್ದು ಸಾಕು. ಚಾಕು ಹಾಕಿದ್ರ ಒಂದ ದಿನದಾಗ ಮುಗೀತೈತಿ."

ಅಜ್ಜಾರು ಹೊರಗೆ ಹೋದರು. ಬಾವಿಯ ಹಗ್ಗ ಎಳೆದುಕೊಂಡು ಬಂದು ಅವನ ಮುಂದೆ ಹಾಕಿದರು. ಹಗ್ಗದ ನಡುವೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಗಂಟು. ನೀರಿನಲ್ಲಿ ನೆನೆದು ನೆನೆದು ಬಿಗಿದ ಗಂಟು ಅದು, ನೀರು ಸೇದುವಾಗ ಪ್ರತಿ ಸಲವೂ ಬಾವಿಯ ಗಾಲಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. 

ಹಗ್ಗದ ಪಕ್ಕದಲ್ಲಿ ಒಂದು ಕುಡಗೋಲು ಇಟ್ಟರು.

"ಈ ಗಂಟು ಹೋಗಬೇಕು."

ಅಡಿವೆಪ್ಪ ಕುಡಗೋಲು ಕೈಗೆ ತೆಗೆದುಕೊಂಡ. ಗಂಟಿನ ಮೇಲೆ ಇಟ್ಟ. ಅಲ್ಲೇ ತಡೆದ.

"ಕೊಯ್ದ್ರ ಹಗ್ಗ ಗಿಡ್ಡ ಆಗ್ತೈತ್ರಿ. ಕೊಡ ನೀರಿಗೆ ಮುಟ್ಟಂಗಿಲ್ಲ."

"ಹಂಗಾದ್ರ?"

"ಬಿಚ್ಚಬೇಕ್ರಿ."

"ಎಷ್ಟು ದಿನ ಹಿಡೀತೈತಿ?"

"ಅದು ನನಗೇನು ಗೊತ್ರಿ? ಅದು ಗಂಟಿಗೆ ಗೊತ್ತು." ಅಷ್ಟು ಹೇಳಿ ಅಡಿವೆಪ್ಪ ಬಾಯಿ ಮುಚ್ಚಿದ. ಅಜ್ಜಾರು ಆಗಲೇ ಬಾಗಿಲು ದಾಟಿದ್ದರು.

ಮೊದಲ ದಿನ ಅವನು ಗಂಟನ್ನು ಜಗ್ಗಿದ, ಅದು ಇನ್ನಷ್ಟು ಬಿಗಿಯಿತು. ಎರಡನೆಯ ದಿನ ಹಗ್ಗವನ್ನು ಬಿಸಿಲಿಗೆ ಹಾಕಿದ. ಆಮೇಲೆ ಜಗ್ಗುವುದು ಬಿಟ್ಟು ಈ ಕಡೆಯಿಂದ ಒಂದಿಷ್ಟು ನೂಕಿದ, ಆ ಕಡೆಯಿಂದ ಒಂದಿಷ್ಟು ನೂಕಿದ. ಕೂತು ನೋಡಿದ, ನಿಂತು ನೋಡಿದ, ಕೈಯಲ್ಲಿ ಹಿಡಿದುಕೊಂಡೇ ಬೇವಿನ ಗಿಡದವರೆಗೆ ನಡೆದು ಬಂದ. ಅಜ್ಜಾರು ಪಕ್ಕದಲ್ಲಿ ಟಕ್ ಟಕ್ ಎಂದು ನಡೆಯುತ್ತಿದ್ದರು, ಗಂಟಿನ ಕಡೆ ನೋಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗಂಟು ಬಿಚ್ಚಿಕೊಂಡಿತು. ಅಡಿವೆಪ್ಪ ಹಗ್ಗ ಹಿಡಿದು ಅಜ್ಜಾರ ಹತ್ತಿರ ಹೋದ. ಅವನ ಮುಖ ಅರಳಿತ್ತು.

ಅಜ್ಜಾರು ಹಗ್ಗದ ಮಾತೇ ಎತ್ತಲಿಲ್ಲ. "ಟೊಂಕ?" ಎಂದರು.

ಅಡಿವೆಪ್ಪ ಗಾಬರಿಯಿಂದ ಟೊಂಕ ಮುಟ್ಟಿ ನೋಡಿಕೊಂಡ. ಬೆಳಗಿನಿಂದ ಅದರ ನೆನಪೇ ಇರಲಿಲ್ಲ. ಈಗ ನೆನಪಾಯಿತು, ಸ್ವಲ್ಪ ನೋಯಿತು, ಅಷ್ಟೇ.

ಹಾಗಾದರೆ ಈ ಕುಡಗೋಲನ್ನು ಎಸೆದುಬಿಡಲೇ ಎಂದು ಕೇಳಿದ.

"ಎತ್ತಿ ಇಡು," ಎಂದರು ಅಜ್ಜಾರು. "ಬಿಚ್ಚಲಾರದ ಗಂಟೂ ಇರತಾವು. ಇದು ಅದಲ್ಲ."

ಅಂದಿನಿಂದ ಅಡಿವೆಪ್ಪ ಅವಸರ ಬಿಟ್ಟ. ಮುಂದೆ ಓಡುತ್ತಿದ್ದವನು ಅಜ್ಜಾರ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿದ. ನೋವು ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು. ಹೆಚ್ಚಾದ ದಿನ ಹೆದರಿ ಮಲಗುತ್ತಿರಲಿಲ್ಲ, ಹತ್ತು ಹೆಜ್ಜೆ ಕಡಿಮೆ ನಡೆಯುತ್ತಿದ್ದ.

ಸಂಕ್ರಾಂತಿಯ ಬೆಳಿಗ್ಗೆ ಇಬ್ಬರೂ ಹೊಳೆಗೆ ಮುಟ್ಟಿದರು.

ಅಜ್ಜಾರು ಪಾದುಕೆ ಬಿಟ್ಟು, ಮೆಟ್ಟಿಲಿಳಿದು, ತಾವಾಗಿ ನೀರಿಗೆ ಕಾಲಿಟ್ಟರು. ಹನ್ನೆರಡು ವರ್ಷದ ಮೇಲೆ. ತಮ್ಮ ಪಾದಗಳನ್ನು ನೋಡುತ್ತ ನಿಂತರು, ಮುಖದ ತುಂಬ ನಗೆ. ಅದನ್ನು ನೋಡಿ ಅಡಿವೆಪ್ಪನಿಗೆ ಬಹಳ ಸಂತೋಷವಾಯಿತು. ಅದರ ಹಿಂದೆಯೇ ಇವರು ನಡೆದರೆ ನಾನೇಕೆ ಎಂದು ಅವನಿಗೆ ಅನ್ನಿಸಿತು.

ಅಂದಿನಿಂದ ದಿನಾ ಹೊಳೆ. ಸ್ನಾನ ಮುಗಿದರೂ ಅಜ್ಜಾರು ಬೇಗ ಮೇಲೆ ಬರುತ್ತಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಅತ್ತಿತ್ತ ನಾಲ್ಕು ಹೆಜ್ಜೆ ಇಡುತ್ತ ನಿಲ್ಲುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಮೀನು ನೋಡುತ್ತಿದ್ದೇನೆ ಎನ್ನುತ್ತಿದ್ದರು.

ಹುಣ್ಣಿಮೆಗೆ ವಾರವಿರುವಾಗ ಅಡಿವೆಪ್ಪ ಮತ್ತೊಮ್ಮೆ ಡಾಕ್ಟರ ಹತ್ತಿರ ಹೋದ. ಅವರು ಬಾಗಿಸಿ ನೋಡಿ ಬಹಳ ಮೆಚ್ಚಿದರು. ಇನ್ನು ಭಾರ ಎತ್ತಬಹುದು, ಆದರೆ ಮೊಣಕಾಲು ಮಡಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು, ಸಣ್ಣದರಿಂದ ಶುರುಮಾಡು ಎಂದರು. ಒಂದು ಕೊಡ ನೀರಿನಿಂದ.

ಒಬ್ಬ ಮನುಷ್ಯನನ್ನು ಹೊರಬಹುದೇ ಎಂದು ಅವನು ಕೇಳಿದ. ಯಾವ ಮನುಷ್ಯ ಎಂದು ಅವರು ಕೇಳಿದರು. ನಮ್ಮ ಗುರುಗಳು ಎಂದ. ಅವರಿಗೆ ಕಾಲಿಲ್ಲವೇ ಎಂದರು ಡಾಕ್ಟರು. ಇವೆ ಎಂದು ಹೇಳಿ ಅಡಿವೆಪ್ಪ ಎದ್ದು ಬಂದ. ಈ ಭೇಟಿಯ ವಿಷಯವನ್ನು ಮಠದಲ್ಲಿ ಅವನು ಅರ್ಧ ಮಾತ್ರ ಹೇಳಿದ.

ಹುಣ್ಣಿಮೆಯ ಹಿಂದಿನ ಸಂಜೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಆಚೆ ದಂಡೆಯ ಗದ್ದುಗೆಗೆ ಯಾರೋ ಸುಣ್ಣ ಬಳಿಯುತ್ತಿದ್ದರು.

"ಅಜ್ಜಾರ, ಅವತ್ತು ಕೇಳಿದ್ದಕ್ಕ ನೀವು ಹೇಳಲಿಲ್ಲ. ಕಾಲು ನೆಟ್ಟಗಿತ್ತು. ಹನ್ನೆರಡು ವರ್ಷ ನನ್ನ ಬೆನ್ನ ಮ್ಯಾಲೆ ಯಾಕ ಕುಂತ್ರಿ?"

ಅಜ್ಜಾರು ಗಡ್ಡ ಕೆರೆದುಕೊಂಡರು.

"ಹದಿನಾರನೇ ದಿನ ಹೇಳಬೇಕಂತ ಬಂದೆ. ನೀ ಆಗಲೇ ಬಗ್ಗಿ ನಿಂತಿದ್ದಿ. ಮಾರಿ ನೋಡಿದೆ, ನಗಾಕತ್ತಿದ್ದಿ. ನಾಳೆ ಹೇಳಿದ್ರಾತು ಅಂದ್ಕೊಂಡೆ."

"ಆಮ್ಯಾಲೆ?"

"ನಾಳೇನೂ ನಗಾಕತ್ತಿದ್ದಿ."

ಅಡಿವೆಪ್ಪ ಒಂದು ಸಣ್ಣ ಕಲ್ಲನ್ನು ನೀರಿಗೆ ಎಸೆದ.

"ತಪ್ಪು ನಂದೂ ಐತಿ ತಮ್ಮಾ," ಎಂದರು ಅಜ್ಜಾರು. "ನಿನ್ನ ಟೊಂಕ, ನನ್ನ ಕಾಲು, ಎರಡೂ ಒಂದ ಜಾಗಾದಾಗ ಕೆಟ್ಟವು."

ಅಡಿವೆಪ್ಪ ಅವರ ಪಾದ ಹಿಡಿದುಕೊಂಡ. ನಾಳೆ ಒಂದು ದಿನ ಹೊರಲು ಬಿಡಿ ಎಂದು ಬೇಡಿದ. ದಿನಾ ಹೊಳೆಗೆ ಬರುವುದು ಬೇರೆ, ಹೊಳೆ ದಾಟುವುದು ಬೇರೆ, ನೀರೊಳಗಿನ ಕಲ್ಲು ಜಾರುತ್ತವೆ, ಊರವರೆಲ್ಲ ಬಂದಿರುತ್ತಾರೆ, ಅಲ್ಲಿ ಬಸಲಿಂಗ ನಿಮ್ಮನ್ನು ಹೊತ್ತರೆ ನಾನು ಎಲ್ಲಿ ಮುಖ ಇಡಲಿ ಎಂದ. ಹೊರುವುದೊಂದು ಹೋದರೆ ತನಗೆ ಈ ಮಠದಲ್ಲಿ ಜಾಗವೇ ಇಲ್ಲ ಎಂದು ಬಾಯಿಬಿಟ್ಟು ಹೇಳಿದ.

"ನಾಳಿಂದು ನಾಳೆ," ಎಂದು ಅಜ್ಜಾರು ಎದ್ದರು.

ಹುಣ್ಣಿಮೆಯ ಬೆಳಗಾಯಿತು. ಎರಡೂ ದಂಡೆಯಲ್ಲಿ ಜನ. ಮುಂದಿನ ಸಾಲಿನಲ್ಲಿ ನೀಲವ್ವ, ತನ್ನ ಒದೆತದಿಂದಲೇ ಅಡಿವೆಪ್ಪ ಎದ್ದದ್ದು ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಬಸಲಿಂಗ ಪಂಚೆ ಮೇಲೆ ಕಟ್ಟಿಕೊಂಡು ಹಿಂದೆ ನಿಂತಿದ್ದ. ಅವನನ್ನು ನೋಡಿ ಅಡಿವೆಪ್ಪ ಎರಡು ಹೆಜ್ಜೆ ಮುಂದೆ ಬಂದು ನಿಂತ.

ಅಜ್ಜಾರು ಹೂವಿನ ಬುಟ್ಟಿ ಹಿಡಿದು ಟಕ್ ಟಕ್ ಎಂದು ನೀರಿನ ಅಂಚಿಗೆ ಬಂದರು. ಪಾದುಕೆಗಳ ಹಿಮ್ಮಡಿ ಈಗ ಸವೆದಿತ್ತು.

ಅಡಿವೆಪ್ಪ ಅವರ ಮುಂದೆ ಹೋಗಿ, ಡಾಕ್ಟರು ಹೇಳಿದಂತೆ ಮೊಣಕಾಲು ಮಡಿಸಿ, ಬೆನ್ನು ಕೊಟ್ಟು ಬಾಗಿದ. ಕೈಗಳನ್ನು ನೆಲಕ್ಕೆ ಊರಿದ. ಕಣ್ಣು ಮುಚ್ಚಿ ಆ ಭಾರಕ್ಕಾಗಿ ಕಾದ. ಬರುವುದು ಬರಲಿ, ಟೊಂಕ ಹೋದರೆ ಹೋಗಲಿ ಎಂದು ಹಲ್ಲು ಕಚ್ಚಿದ.

ಬೆನ್ನ ಮೇಲೆ ಭಾರ ಬಿತ್ತು. ತೀರ ಸಣ್ಣ ಭಾರ. ಅಜ್ಜಾರು ಇಷ್ಟು ಸೊರಗಿಹೋದರೇ ಎಂದು ಅವನ ಎದೆ ಧಸಕ್ಕೆಂದಿತು.

ಒಂದು ಕೈ ಹಿಂದೆ ಮಾಡಿ ಮುಟ್ಟಿದ. ಕೈಗೆ ಕಟ್ಟಿಗೆ ಹತ್ತಿತು. ಎರಡು ಪಾದುಕೆ.

ಕಣ್ಣು ಬಿಟ್ಟ. ಅಜ್ಜಾರು ಕಾವಿ ಎತ್ತಿ ಕಟ್ಟಿಕೊಂಡು ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದರು. ಜನ ಕೈಮುಗಿಯುವುದನ್ನೂ ಮರೆತು ನೋಡುತ್ತಿದ್ದರು. ಅಜ್ಜಾರು ಹೊಳೆಯ ನಡುವೆ ನಿಂತು, ತಿರುಗಿ, ಅವನ ಕಡೆ ಒಂದು ಕೈ ಚಾಚಿದರು.

"ಅವಕ್ಕ ನಡಿಯಾಕ ಬರಂಗಿಲ್ಲ ತಮ್ಮಾ," ಎಂದರು. "ಅವನ್ನ ಹೊತ್ಕೊಂಡು ಬಾ."